ಮುಂಬಯಿ, ಪುಣೆ, ಗೋವಾದಲ್ಲಿ ಡಿಬಿಟಿ ಥೆರಪಿಸ್ಟ್: ಬೋರ್ಡು ನೋಡಿ ಅಲ್ಲ, ಕೆಲಸ ನೋಡಿ ಆರಿಸಿ

"ಡಿಬಿಟಿ ಮಾಡುವವರನ್ನು ನೋಡಿ" ಎಂದು ಮನೋವೈದ್ಯರು ಹೇಳಿ ಕಳಿಸುತ್ತಾರೆ. ಡಿಬಿಟಿ ಎಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ತಡೆಯಲಾಗದ ಭಾವನೆಗಳನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆ. ಯಾರನ್ನು ನೋಡಬೇಕು, ಹೇಗೆ ಗುರುತಿಸಬೇಕು ಎಂದು ಕೂತು ವಿವರಿಸುವಷ್ಟು ಪುರುಸೊತ್ತು ಓಪಿಡಿಯಲ್ಲಿ ಇರುವುದಿಲ್ಲ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಬಾಂದ್ರಾ, ಅಂಧೇರಿ, ಕೋಥ್ರೂಡ್, ಬಾಣೇರ್, ಪಣಜಿ ಎಲ್ಲ ಕಡೆಯಿಂದಲೂ ಹೆಸರುಗಳು ಬರುತ್ತವೆ. ಹೆಸರಿನ ಕೆಳಗೆ ಸಿಬಿಟಿ, ಡಿಬಿಟಿ, ಮೈಂಡ್‌ಫುಲ್‌ನೆಸ್ ಎಂದು ಸಾಲಾಗಿ ಬರೆದಿರುತ್ತದೆ. ಅವರಲ್ಲಿ ಒಬ್ಬರು ಎರಡು ದಿನದ ಕಾರ್ಯಾಗಾರ ಮುಗಿಸಿ ಬಂದವರಿರಬಹುದು, ಇನ್ನೊಬ್ಬರು ತಂಡ ಕಟ್ಟಿಕೊಂಡು ವರ್ಷಗಳಿಂದ ಇದನ್ನೇ ಮಾಡುತ್ತಿರಬಹುದು. ಹೊರಗಿನ ಬೋರ್ಡು ಮಾತ್ರ ಇಬ್ಬರದೂ ಒಂದೇ.

ಆರಿಸುವ ಮಾತಿಗೆ ಮೊದಲು ಒಂದು ವಿಷಯ. ಸಾಯುವ ಯೋಚನೆ ಈಗಲೇ ಬಲವಾಗಿ ಬರುತ್ತಿದ್ದರೆ ಥೆರಪಿಸ್ಟನ್ನು ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜೀವಕ್ಕೆ ಅಪಾಯ ಅನಿಸಿದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಜೊತೆಗೆ ಒಬ್ಬರು ಇರಲಿ. ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಬೇರೆ ಏನಾದರೂ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ, ಶಿಕ್ಷೆಗೆ ಗುರಿಮಾಡುವಂತಿಲ್ಲ. ಆ ಹೆದರಿಕೆಯಲ್ಲಿ ಒಂದು ಗಂಟೆಯನ್ನೂ ಕಳೆಯಬೇಡಿ.

ಪೂರ್ತಿ ಡಿಬಿಟಿಗೆ ನಾಲ್ಕು ಕಾಲು

ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು ರೂಪಿಸಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹನ್. ಮತ್ತೆ ಮತ್ತೆ ತಮಗೆ ತಾವೇ ನೋವು ಮಾಡಿಕೊಳ್ಳುತ್ತಿದ್ದ, ಸಾಯಲು ಯತ್ನಿಸುತ್ತಿದ್ದ ಮಹಿಳೆಯರ ಮೇಲೆ ಇದರ ಮೊದಲ ದೊಡ್ಡ ಪರೀಕ್ಷೆ ನಡೆಯಿತು, ಅದರ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಭಾವನೆ, ಸಂಬಂಧಗಳು ತೀವ್ರವಾಗಿ ಏರುಪೇರಾಗುವ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ತೊಂದರೆಗೆ ಇಂದಿಗೂ ಹೆಚ್ಚು ಆಧಾರವಿರುವ ಚಿಕಿತ್ಸೆಗಳಲ್ಲಿ ಇದೊಂದು. ನಿನ್ನ ಸಂಕಟ ನಿಜ ಎಂದು ಒಪ್ಪಿಕೊಳ್ಳುವುದು, ಅದೇ ಉಸಿರಿನಲ್ಲಿ ಬದಲಾಗಲೇಬೇಕು ಎನ್ನುವುದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಇಲ್ಲಿ ಕೆಲಸ ಸಾಗುತ್ತದೆ.

ಇದರ ನಾಲ್ಕು ಭಾಗಗಳು ಪೀಠದ ನಾಲ್ಕು ಕಾಲುಗಳಂತೆ. ಮೊದಲನೆಯದು ವಾರಕ್ಕೊಂದು ವೈಯಕ್ತಿಕ ಸಿಟ್ಟಿಂಗ್, ಸುಮಾರು ಒಂದು ಗಂಟೆ. ಎರಡನೆಯದು ವಾರಕ್ಕೊಮ್ಮೆ ಎರಡು, ಎರಡೂವರೆ ಗಂಟೆಯ ಸ್ಕಿಲ್ಸ್ ಗುಂಪು. ಮೂರನೆಯದು ಸಿಟ್ಟಿಂಗ್‌ಗಳ ನಡುವೆ ಫೋನಿನಲ್ಲಿ ಸಿಗುವ ಸಹಾಯ. ನಾಲ್ಕನೆಯದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಥೆರಪಿಸ್ಟರೆಲ್ಲ ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ನೆರವಾಗುವ ತಂಡ ಅದು. ಸಾವಿನ ಅಂಚಿನಲ್ಲಿರುವವರ ಜೊತೆ ಒಬ್ಬಂಟಿಯಾಗಿ ಕೆಲಸ ಮಾಡಿದರೆ ಥೆರಪಿಸ್ಟ್ ದಣಿಯುತ್ತಾರೆ. ದಣಿದ ಮೇಲೆ ಒಂದೋ ಅತಿಯಾಗಿ ಹೆದರುತ್ತಾರೆ, ಇಲ್ಲವೇ ಒರಟಾಗುತ್ತಾರೆ. ಅದಕ್ಕಾಗಿ ಈ ತಂಡ ಚಿಕಿತ್ಸೆಯದೇ ಭಾಗ.

ಗುಂಪು ಎಂದರೆ ಸುತ್ತ ಕೂತು ಕಷ್ಟ ಹೇಳಿಕೊಂಡು ಅಳುವ ಕೂಟವಲ್ಲ, ಪಾಠದ ತರಗತಿ. ಆರರಿಂದ ಹತ್ತು ಜನ, ಪಾಠ ಮಾಡುವವರು ಇಬ್ಬರು. ಮೊದಲರ್ಧದಲ್ಲಿ ಹಿಂದಿನ ವಾರದ ಮನೆಕೆಲಸ ನೋಡುತ್ತಾರೆ, ಉಳಿದರ್ಧದಲ್ಲಿ ಹೊಸ ಪಾಠ. ವಿಷಯಗಳು ನಾಲ್ಕು: ಈಗಿನ ಕ್ಷಣದಲ್ಲಿ ಮನಸ್ಸನ್ನು ನಿಲ್ಲಿಸುವ ಮೈಂಡ್‌ಫುಲ್‌ನೆಸ್, ಸಂಕಟವನ್ನು ಇನ್ನಷ್ಟು ಕೆಡಿಸದೆ ದಾಟುವುದು, ಭಾವನೆಗಳನ್ನು ಹದಕ್ಕೆ ತರುವುದು, ಸಂಬಂಧ ಕೆಡದಂತೆ ಬೇಕಾದ್ದು ಕೇಳುವುದು ಮತ್ತು ಬೇಡವೆನ್ನುವುದು. ಒಂದು ಸುತ್ತಿಗೆ 24 ವಾರ. ಸಾಮಾನ್ಯವಾಗಿ ಎರಡು ಸುತ್ತು, ಅಂದರೆ ಒಂದು ವರ್ಷ.

ಈ ನಾಲ್ಕೂ ಇರುವ ಜಾಗ ನಮ್ಮ ಮೂರು ಊರುಗಳಲ್ಲೂ ಕಡಿಮೆ. ಹೆಚ್ಚಾಗಿ ಒಂದು, ಎರಡು ಕಾಲು ಮುರಿದ ಪೀಠವೇ ಸಿಗುತ್ತದೆ. ಯಾವ ಕಾಲಿಲ್ಲದಿದ್ದರೆ ನಡೆಯುತ್ತದೆ, ಯಾವುದಿಲ್ಲದಿದ್ದರೆ ನಡೆಯುವುದಿಲ್ಲ ಎಂಬುದನ್ನೇ ತೂಗಬೇಕು.

ನಿಮ್ಮ ಮುಂದೆ ಬರುವ ಆಯ್ಕೆಗಳು

*ನಾಲ್ಕೂ ಭಾಗವಿರುವ ಕಾರ್ಯಕ್ರಮ.* ಕಳೆದ ಕೆಲವು ತಿಂಗಳಲ್ಲಿ ಆತ್ಮಹತ್ಯೆಯ ಪ್ರಯತ್ನವಾಗಿದ್ದರೆ, ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವುದು ಮರುಕಳಿಸುತ್ತಿದ್ದರೆ ಇದನ್ನೇ ಹುಡುಕಿ. ಭಾಷೆ ಇಂಗ್ಲಿಷೋ ಹಿಂದಿಯೋ ಆದರೂ, ದೂರವಾದರೂ, ಮೊದಲ ಪ್ರಯತ್ನ ಇದಕ್ಕೇ ಇರಲಿ. ಖರ್ಚು ಮಾತ್ರ ಗಟ್ಟಿ. ಲೆಕ್ಕ ಹಾಕುವ ಬಗೆ ತೋರಿಸಲು ಒಂದು ಅಂದಾಜು: ಸಿಟ್ಟಿಂಗ್‌ಗೆ 2,000, ಗುಂಪಿಗೆ 1,500 ಎಂದಿಟ್ಟುಕೊಂಡರೆ ವಾರಕ್ಕೆ 3,500 ರೂಪಾಯಿ. 24 ವಾರಕ್ಕೆ 84,000, 48 ವಾರಕ್ಕೆ 1,68,000. ನಿಮಗೆ ಹೇಳಿದ ಫೀಸನ್ನು ಹೀಗೆ ಇಡೀ ಅವಧಿಗೆ ಗುಣಿಸಿ ನೋಡದೆ ಸೇರಬೇಡಿ. ಮೂರನೇ ತಿಂಗಳಲ್ಲಿ ಹಣ ಸಾಲದೆ ನಡುವೆ ಬಿಡುವುದು ಶುರುಮಾಡದೆ ಇರುವುದಕ್ಕಿಂತ ಹೆಚ್ಚು ಪೆಟ್ಟು ಕೊಡಬಹುದು. "ಥೆರಪಿಯೂ ನನಗೆ ಆಗಿಬರಲಿಲ್ಲ" ಎಂಬ ಭಾವನೆಯನ್ನು ಕಟ್ಟಿಕೊಂಡು ಆ ವ್ಯಕ್ತಿ ಮನೆಗೆ ಬರುತ್ತಾರೆ.

ಒಂದು ಸಮಾಧಾನವೂ ಇದೆ. ಕೆನಡಾದಲ್ಲಿ 240 ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳ ಡಿಬಿಟಿಯು ಒಂದು ವರ್ಷದ್ದಕ್ಕಿಂತ ಹಿಂದೆ ಬೀಳಲಿಲ್ಲ. ಹಾಗಾಗಿ "ಆರು ತಿಂಗಳಿಗೆ ಯೋಜನೆ ಹಾಕಿಕೊಡುತ್ತೀರಾ" ಎಂದು ಸಂಕೋಚವಿಲ್ಲದೆ ಕೇಳಬಹುದು.

*ಡಿಬಿಟಿ ಬೆರೆಸಿ ಮಾಡುವ ಒಬ್ಬರೇ ಥೆರಪಿಸ್ಟ್.* ಮುಂಬಯಿಯಲ್ಲೂ ಪುಣೆಯಲ್ಲೂ ಹೆಚ್ಚಾಗಿ ಸಿಗುವುದು ಇದೇ. ಸಿಟ್ಟು, ಅಳು, ಸಂಬಂಧಗಳ ಏರುಪೇರು ಇದ್ದು ಜೀವಾಪಾಯ ಇಲ್ಲದಿದ್ದರೆ ಇದು ಸಾಕಾಗಬಹುದು. ಆದರೆ ಸ್ಕಿಲ್ಸ್ ಕಲಿಸುವ ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳಿ. ಐವತ್ತು ನಿಮಿಷದಲ್ಲಿ ಆ ವಾರದ ಜಗಳವೇ ನಲವತ್ತು ನಿಮಿಷ ತಿನ್ನುತ್ತದೆ, ಪಾಠಕ್ಕೆ ಹತ್ತೇ ನಿಮಿಷ ಉಳಿಯುತ್ತದೆ. ಒಬ್ಬರೇ ಮಾಡುವ ಡಿಬಿಟಿ ಸಡಿಲಾಗುವುದು ಹೆಚ್ಚಾಗಿ ಇಲ್ಲಿಯೇ. ಪಾಠಕ್ಕೆಂದೇ ವಾರದಲ್ಲಿ ಇನ್ನೊಂದು ಅರ್ಧ ಗಂಟೆ ಎತ್ತಿಡುವವರಾದರೆ ಒಳ್ಳೆಯದು.

*ಸ್ಕಿಲ್ಸ್ ಗುಂಪು ಮಾತ್ರ.* ಕಡಿಮೆ ಖರ್ಚಿನಲ್ಲಿ ಹೆಚ್ಚು ದಕ್ಕುವುದು ಇದು ಎಂಬುದು ನಮ್ಮ ಅಭಿಪ್ರಾಯ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಿನೆಹನ್ ತಂಡ 99 ಮಹಿಳೆಯರ ಮೇಲೆ ಡಿಬಿಟಿಯ ಭಾಗಗಳನ್ನು ಬಿಡಿಸಿ ಹೋಲಿಸಿತು: ಕೆಲವರಿಗೆ ಪೂರ್ತಿ ಡಿಬಿಟಿ, ಕೆಲವರಿಗೆ ಸ್ಕಿಲ್ಸ್ ತರಗತಿ, ಉಳಿದವರಿಗೆ ವೈಯಕ್ತಿಕ ಸಿಟ್ಟಿಂಗ್. ಆತ್ಮಹತ್ಯೆಯ ಪ್ರಯತ್ನ ಮೂರೂ ಗುಂಪುಗಳಲ್ಲಿ ಕಡಿಮೆಯಾಯಿತು. ತನಗೆ ತಾನೇ ನೋವು ಮಾಡಿಕೊಳ್ಳುವುದು ಮಾತ್ರ ಸ್ಕಿಲ್ಸ್ ತರಗತಿ ಇದ್ದ ಗುಂಪುಗಳಲ್ಲಿ ಹೆಚ್ಚು ಇಳಿಯಿತು. ಆದರೆ ಅಲ್ಲಿ ಗುಂಪಿಗೆ ಮಾತ್ರ ಬರುತ್ತಿದ್ದವರಿಗೂ ಬೆನ್ನಿಗೆ ಒಬ್ಬ ಕೇಸ್ ಮ್ಯಾನೇಜರ್, ಅಂದರೆ ಅವರ ಕಷ್ಟಸುಖ, ಅಪಾಯ ನೋಡಿಕೊಳ್ಳುವವರು, ಇದ್ದರು. ಹಾಗಾಗಿ ಗುಂಪಿಗೆ ಸೇರುವಾಗ ನಿಮ್ಮದೇ ಮನೋವೈದ್ಯರೋ ಕೌನ್ಸೆಲರೋ ಒಬ್ಬರು ಇರಲೇಬೇಕು. "ನಿಮ್ಮ ಥೆರಪಿಸ್ಟ್ ಯಾರು" ಎಂದು ಕೇಳದೆಯೇ ಸೇರಿಸಿಕೊಳ್ಳುವ ಗುಂಪಾದರೆ ಅನುಮಾನಪಡಿ.

*ಸರ್ಕಾರಿ, ಮುನಿಸಿಪಾಲ್ಟಿ ಆಸ್ಪತ್ರೆ.* ಮುಂಬಯಿಯಲ್ಲಿ ಪರೇಲಿನ ಕೆಇಎಂ, ಸಾಯನ್, ನಾಯರ್, ಜೆಜೆ. ಪುಣೆಯಲ್ಲಿ ಸಸೂನ್. ಗೋವಾದಲ್ಲಿ ಬಾಂಬೋಲಿಂನ ಮನೋವೈದ್ಯಕೀಯ ಮತ್ತು ಮಾನವ ವರ್ತನೆ ಸಂಸ್ಥೆ, ಜನ ಐಪಿಎಚ್‌ಬಿ ಎನ್ನುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಕಾಯಬೇಕು. ವಾರಕ್ಕೊಂದು ಗಂಟೆಯ ಸಿಟ್ಟಿಂಗ್, ಎರಡು ಗಂಟೆಯ ಗುಂಪು ಎಂಬ ಪೂರ್ತಿ ಡಿಬಿಟಿ ಇಲ್ಲಿ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ, ಆದರೆ ಕೇಳಿಯೇ ಕೇಳಿ. ಮನೋವೈದ್ಯರು, ಔಷಧಿ, ಬೇಕಾದರೆ ಅಡ್ಮಿಷನ್ ಒಂದೇ ಕಡೆ ಇರುವುದು ಈ ಜಾಗಗಳ ಬಲ.

ಹಣವಿಲ್ಲದವರು ಕೈಚೆಲ್ಲಬಾರದು ಎನ್ನಲು ಇನ್ನೊಂದು ಆಧಾರವಿದೆ. ಕೆನಡಾದಲ್ಲೇ 180 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಬಿಟಿಗೂ, ಕ್ರಮಬದ್ಧವಾಗಿ ಕೊಟ್ಟ ಸಾಮಾನ್ಯ ಮನೋವೈದ್ಯಕೀಯ ಆರೈಕೆಗೂ ಒಂದು ವರ್ಷದ ಕೊನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕ್ರಮಬದ್ಧ ಎಂಬುದೇ ಇಲ್ಲಿ ಮುಖ್ಯ. ಪ್ರತಿ ಸಲ ಅದೇ ವೈದ್ಯರು, ನಿಗದಿತ ದಿನ, ಮುಖ್ಯ ತೊಂದರೆಯ ಮೇಲೇ ಗಮನ. ಪ್ರತಿ ತಿಂಗಳು ಬೇರೆ ಬೇರೆ ರೆಸಿಡೆಂಟ್ ಡಾಕ್ಟರು ಸಿಕ್ಕಿ, ಪ್ರತಿ ಸಲ ಕಥೆಯನ್ನು ಮೊದಲಿಂದ ಹೇಳಬೇಕಾದರೆ ಅದು ಕ್ರಮಬದ್ಧ ಆರೈಕೆಯಲ್ಲ. "ಇವರೇ ನೋಡುವ ದಿನ ಯಾವುದು" ಎಂದು ಓಪಿಡಿಯ ಸಿಸ್ಟರ್ ಹತ್ತಿರ ಕೇಳಿ ಅದೇ ದಿನ ಹೋಗಿ.

*ಆನ್‌ಲೈನಿನಲ್ಲಿ ಬೆಂಗಳೂರಿನವರು.* ಕನ್ನಡ ಬೇಕೇಬೇಕು ಎನ್ನುವವರಿಗೆ, ಗೋವಾದಲ್ಲಿ ಇರುವವರಿಗೆ ಇದು ಹತ್ತಿರದ ದಾರಿ. ಎರಡು ಕರಾರು ಮೊದಲೇ ಆಗಬೇಕು. ನಿಮ್ಮೂರಿನ ಒಬ್ಬ ಮನೋವೈದ್ಯರ ಹೆಸರು, ಹತ್ತಿರದ ಆಸ್ಪತ್ರೆ, ಮನೆಯವರಲ್ಲಿ ಒಬ್ಬರ ಫೋನ್ ನಂಬರು ಥೆರಪಿಸ್ಟ್ ಕೈಯಲ್ಲಿರಬೇಕು. ಪ್ರತಿ ಸಿಟ್ಟಿಂಗ್ ಶುರುವಾಗುವಾಗ ನೀವು ಎಲ್ಲಿ ಕೂತಿದ್ದೀರಿ ಎಂದು ಅವರು ಕೇಳಬೇಕು. ಇವೆರಡನ್ನೂ ಕೇಳದವರಿಗೆ ದೂರದಿಂದ ಅಪಾಯ ನಿಭಾಯಿಸಿ ಅಭ್ಯಾಸವಿಲ್ಲ ಎಂದೇ ತಿಳಿಯಿರಿ. ವಾಸ್ಕೋ, ಮಡಗಾಂವ್ ಕಡೆಯ ನಮ್ಮವರಲ್ಲಿ ಹಲವರ ಬೇರು ಬೆಳಗಾವಿ, ಧಾರವಾಡದ ಕಡೆಯದು. ಊರಿಗೆ ಹೋದಾಗ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ತಪಾಸಣೆ ಮಾಡಿಸಿಕೊಂಡು, ವಾರದ ಸಿಟ್ಟಿಂಗನ್ನು ಆನ್‌ಲೈನ್ ಮಾಡುವುದು ಎಷ್ಟೋ ಮನೆಗಳಿಗೆ ಹೊಂದುತ್ತದೆ.

ಒಂದೇ ಖೋಲಿಯ ಮನೆಯಲ್ಲಿ ಆನ್‌ಲೈನ್ ಸಿಟ್ಟಿಂಗ್ ಹೇಗೆ ಎಂಬುದನ್ನೂ ಮೊದಲೇ ಬಗೆಹರಿಸಿ. ಇಯರ್‌ಫೋನ್ ಹಾಕಿದರೆ ಅವರ ಮಾತು ಹೊರಗೆ ಕೇಳುವುದಿಲ್ಲ, ಆದರೆ ನಿಮ್ಮ ಮಾತು ಅಡುಗೆಮನೆಗೆ ಕೇಳುತ್ತದೆ. ಕಟ್ಟಡದ ಟೆರೇಸು, ನಿಲ್ಲಿಸಿದ ಕಾರು, ಮನೆಯವರು ದೇವಸ್ಥಾನಕ್ಕೋ ಸಂತೆಗೋ ಹೋಗುವ ಹೊತ್ತು, ಕೆಲವು ಮಾತು ಚಾಟ್‌ನಲ್ಲಿ ಟೈಪ್ ಮಾಡುವ ಒಪ್ಪಂದ, ಯಾರಾದರೂ ಒಳಗೆ ಬಂದರೆ ಹೇಳುವ ಒಂದು ಗುರುತಿನ ಪದ. ಮೊದಲ ದಿನವೇ ಇದನ್ನು ಮಾತಾಡಿ. ಇಲ್ಲದಿದ್ದರೆ ಮುಖ್ಯವಾದ ಮಾತನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಗಂಟೆ ಮುಗಿಯುತ್ತದೆ.

ಕನ್ನಡ ಎಷ್ಟು ಮುಖ್ಯ

ಭಾವನೆಗೆ ಸರಿಯಾದ ಹೆಸರು ಇಡುವುದು ಡಿಬಿಟಿಯಲ್ಲಿ ದಿನವೂ ಮಾಡುವ ಕೆಲಸ. ನಾವು ಅದಕ್ಕೆ ಏನು ಹೇಳುತ್ತೇವೆ ನೋಡಿ: "ಬೇಜಾರು." ದುಃಖವಾದರೂ ಬೇಜಾರು, ಒಂಟಿತನವಾದರೂ ಬೇಜಾರು, ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು, ಮಾಡಲು ಏನೂ ಇಲ್ಲದಿದ್ದರೂ ಬೇಜಾರು. ಧಾರವಾಡದ ಕಡೆಯವರ ಬ್ಯಾಸರವೂ ಹೀಗೆಯೇ. ಕನ್ನಡ ಬಾರದ ಥೆರಪಿಸ್ಟ್ ಮುಂದೆ ಕೂತು ಇದನ್ನು "ಸ್ಯಾಡ್" ಎಂದು ಹೇಳಿದರೆ ಆ ವಾರದ ಕೆಲಸವೆಲ್ಲ ದುಃಖದ ಮೇಲೆ ನಡೆಯುತ್ತದೆ. ಒಳಗಿದ್ದದ್ದು ಅವಮಾನವಾಗಿದ್ದರೆ ಮದ್ದು ತಪ್ಪಿತು.

ನಾಚಿಕೆ ಇನ್ನೂ ಸೂಕ್ಷ್ಮ. ಹೊಸಬರ ಮುಂದಿನ ಸಂಕೋಚಕ್ಕೂ ನಾಚಿಕೆ, ತಾನೇ ಕೆಟ್ಟವಳು ಎಂದು ಒಳಗೊಳಗೇ ಕುಗ್ಗುವುದಕ್ಕೂ ನಾಚಿಕೆ. ಡಿಬಿಟಿ ಇಲ್ಲಿ ಬಹಳ ಎಚ್ಚರಿಕೆಯಿಂದ ಬೇರ್ಪಡಿಸುತ್ತದೆ: ನಾನು ಮಾಡಿದ್ದು ತಪ್ಪು ಎಂಬ ಭಾವನೆ ಬೇರೆ, ನಾನೇ ತಪ್ಪು ಎಂಬ ಭಾವನೆ ಬೇರೆ. ಎರಡಕ್ಕೂ ಮಾಡಬೇಕಾದ ಅಭ್ಯಾಸ ಬೇರೆ ಬೇರೆ. ಹೊಟ್ಟೆಕಿಚ್ಚು ಕೂಡ ಹಾಗೆ. ಇನ್ನೊಬ್ಬರ ಬಳಿ ಇರುವುದು ನನಗಿಲ್ಲ ಎಂಬ ಉರಿಯೇ ಬೇರೆ, ನನ್ನವರನ್ನು ಯಾರೋ ಕಸಿದುಕೊಳ್ಳುತ್ತಾರೆ ಎಂಬ ಭಯವೇ ಬೇರೆ. ನಮ್ಮ ಮಾತಿನಲ್ಲಿ ಎರಡೂ ಒಂದೇ ಪದದಲ್ಲಿ ಹೋಗಿಬಿಡುತ್ತವೆ.

ಹಾಗೆಂದು ಭಾಷೆಯೊಂದನ್ನೇ ಹಿಡಿದು ವಿಧಾನ ಬಿಡಬಾರದು. ನಮ್ಮ ಸಲಹೆ ಇದು: ಪಾಠ ಯಾವ ಭಾಷೆಯಲ್ಲಾದರೂ ಇರಲಿ, ನೋವು ಹೇಳಿಕೊಳ್ಳುವುದು ಮಾತ್ರ ನಿಮ್ಮ ಭಾಷೆಯಲ್ಲಿರಲಿ. ಥೆರಪಿಸ್ಟ್ ಮರಾಠಿಯವರೋ ಗುಜರಾತಿಯವರೋ ಆದರೆ ಡೈರಿ ಕಾರ್ಡಿನಲ್ಲಿ, ಅಂದರೆ ದಿನವೂ ತುಂಬಿಸುವ ಹಾಳೆಯಲ್ಲಿ, ಭಾವನೆಯ ಪದವನ್ನು ಕನ್ನಡದಲ್ಲೇ ಬರೆಯಿರಿ. ಅದರ ಪಕ್ಕದಲ್ಲಿ ಮೈಯಲ್ಲಿ ಎಲ್ಲಿ ಏನಾಯಿತು, ಏನು ಮಾಡಬೇಕು ಅನಿಸಿತು ಎಂದು ಎರಡು ಪದ ಸೇರಿಸಿ. "ಬೇಜಾರು. ಗಂಟಲು ಕಟ್ಟಿತು, ಬಾಗಿಲು ಹಾಕಿಕೊಳ್ಳಬೇಕು ಅನಿಸಿತು." ಕನ್ನಡ ಬಾರದವರಿಗೂ ಅಲ್ಲಿಂದ ಒಳಗಿರುವುದು ಏನೆಂದು ಕೇಳಿ ತಿಳಿಯಲು ದಾರಿ ಸಿಗುತ್ತದೆ. ಇದಕ್ಕೆ ಒಪ್ಪದೆ "ಇಂಗ್ಲಿಷಿನಲ್ಲೇ ಬರೆಯಿರಿ" ಎನ್ನುವವರು ನಿಮಗೆ ಸರಿಹೊಂದುವವರಲ್ಲ.

ಮುಂಬಯಿಯ ಮಟ್ಟಿಗೆ ಇನ್ನೊಂದು ತೊಡಕು. ಮನೆಯಲ್ಲಿ ಮಾತಾಡುವುದು ತುಳುವೋ ಕೊಂಕಣಿಯೋ, ಓದಿದ್ದು ಕನ್ನಡ, ಮಕ್ಕಳದ್ದು ಹಿಂದಿ-ಇಂಗ್ಲಿಷ್. ಕನ್ನಡ ಬರುವವರನ್ನು ಹುಡುಕಿ ತಂದ ಮೇಲೆ ಮಗಳು ಕನ್ನಡದಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ ಎಂದು ತಿಳಿಯುತ್ತದೆ. ಹದಿಹರೆಯದವರ ಡಿಬಿಟಿಯಲ್ಲಿ ತಂದೆತಾಯಿಯೂ ಅದೇ ತರಗತಿಯಲ್ಲಿ ಕೂತು ಕಲಿಯಬೇಕು. ಅತಿ ಬಿಗಿ, ಅತಿ ಸಡಿಲದ ನಡುವಿನ ದಾರಿ ಹುಡುಕುವ ಐದನೇ ಪಾಠವೊಂದು ಅವರಿಗೆಂದೇ ಇದೆ. ಅಲ್ಲಿ ಮಗುವಿನ ಭಾಷೆಯಲ್ಲಿ ಸಿಟ್ಟಿಂಗ್, ಅಪ್ಪ-ಅಮ್ಮನಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಎರಡೂ ಬೇಕು. ಮಗುವನ್ನೇ ದುಭಾಷಿ ಮಾಡುವುದು ಬೇಡ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವ ಕಷ್ಟ ಅದಕ್ಕೆ ಯಾಕೆ?

ಗುಟ್ಟಿನ ಪ್ರಶ್ನೆಯೂ ಇದೆ. ಮಾಟುಂಗಾ, ಡೊಂಬಿವಲಿ, ಗೋರೆಗಾಂವ್ ಕಡೆಯ ನಮ್ಮ ಸಮಾಜ ಒಂದು ಊರಿನಷ್ಟೇ ಚಿಕ್ಕದು. ಸಂಘದ ಕಾರ್ಯಕ್ರಮ, ಶನಿಪೂಜೆ, ಯಕ್ಷಗಾನ, ಮದುವೆ ಎಲ್ಲ ಕಡೆ ಅವೇ ಮುಖಗಳು. ಕನ್ನಡದ ಥೆರಪಿಸ್ಟ್ ನಿಮ್ಮ ಅತ್ತಿಗೆಯ ಗೆಳತಿಯಾಗಿರಬಹುದು. ರೋಗಿಯ ವಿಷಯ ಗುಟ್ಟಾಗಿಡುವುದು 2017ರ ಕಾಯ್ದೆಯಲ್ಲಿ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ ಮುಂತಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇಕಾದಷ್ಟನ್ನು ಬೇಕಾದವರಿಗೆ ಹೇಳಬಹುದು. ಆದರೂ ಪರಿಚಯದ ಎಳೆ ಇದ್ದರೆ ಮೊದಲ ಫೋನಿನಲ್ಲೇ ಹೇಳಿ. ಒಳ್ಳೆಯವರಾದರೆ ತಾವಾಗಿಯೇ ಬೇರೆಯವರ ಹೆಸರು ಕೊಡುತ್ತಾರೆ.

ಮೊದಲ ಫೋನಿನಲ್ಲಿ ಕೇಳುವುದು

ಹತ್ತು ನಿಮಿಷದ ಮಾತು ಸಾಕು. ಓದಿನಿಂದ ಶುರುಮಾಡಿ. ಈ ಕೆಲಸದಲ್ಲಿರುವವರ ಪೈಕಿ ಔಷಧಿ ಬರೆಯುವವರು ಮನೋವೈದ್ಯರು ಮಾತ್ರ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ಸಿಆರ್‌ಆರ್ ಎಂಬ ಆ ನೋಂದಣಿಯ ನಂಬರು ಕೇಳಿ, ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಚಾಲ್ತಿಯಲ್ಲಿದೆಯೇ ನೋಡಿ. ಕೌನ್ಸೆಲಿಂಗ್ ಸೈಕಾಲಜಿಸ್ಟ್ ಎಂಬವರಲ್ಲಿ ಎಂಎ, ಎಂಎಸ್ಸಿ ಮಾಡಿದವರು ಹೆಚ್ಚು. ಅವರಿಗೆ ಈ ನಂಬರು ಇರುವುದಿಲ್ಲ, ಹಾಗೆಂದು ಅವರು ಕೆಲಸ ಬಾರದವರಲ್ಲ. ಆರ್‌ಸಿಐ ನಂಬರು ಇದ್ದ ಮಾತ್ರಕ್ಕೆ ಡಿಬಿಟಿ ಬರುತ್ತದೆಂದೂ ಅಲ್ಲ. ಎರಡು ಬೇರೆ ಬೇರೆ ಪ್ರಶ್ನೆ, ಎರಡನ್ನೂ ಕೇಳಿ.

ಡಿಬಿಟಿ ತರಬೇತಿ ಎಷ್ಟು ದಿನದ್ದು, ಒಬ್ಬರೇ ಹೋಗಿದ್ದರೋ ತಂಡವಾಗಿಯೋ, ಆಮೇಲೆ ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದರು ಎಂದು ವಿಚಾರಿಸಿ. ಇಂಟೆನ್ಸಿವ್ ಎಂದು ಕರೆಯುವ ತರಬೇತಿ ಒಟ್ಟು ಹತ್ತು ದಿನದ್ದು. ತಂಡವಾಗಿ ಹೋಗಬೇಕು, ಐದು ದಿನ ಕಲಿತು, ಕೆಲವು ತಿಂಗಳು ರೋಗಿಗಳೊಂದಿಗೆ ಕೆಲಸ ಮಾಡಿ, ಮತ್ತೆ ಐದು ದಿನ. ಎರಡು ದಿನದ ಆನ್‌ಲೈನ್ ಪ್ರಮಾಣಪತ್ರಕ್ಕೂ ಇದಕ್ಕೂ ಬಹಳ ಅಂತರ.

ಮುಂದಿನ ಪ್ರಶ್ನೆ: "ಡೈರಿ ಕಾರ್ಡ್ ಕೊಡುತ್ತೀರಾ?" ಇದೊಂದೇ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಿ. ಡೈರಿ ಕಾರ್ಡ್ ಎಂದರೆ ಒಂದು ಹಾಳೆ, ಏಳು ದಿನದ ಏಳು ಸಾಲು. ಸಾಯುವ ತುಡಿತ ಸೊನ್ನೆಯಿಂದ ಐದರಲ್ಲಿ ಎಷ್ಟು, ನೋವು ಮಾಡಿಕೊಳ್ಳುವ ತುಡಿತ ಎಷ್ಟು, ಮಾಡಿಕೊಂಡೆನೋ ಇಲ್ಲವೋ, ದುಃಖ, ಸಿಟ್ಟು, ಭಯ, ನಾಚಿಕೆ ಎಷ್ಟೆಷ್ಟು, ಮಾತ್ರೆ ತೆಗೆದುಕೊಂಡೆನೇ, ಕುಡಿದೆನೇ, ಯಾವ ಸ್ಕಿಲ್ ಬಳಸಿದೆ. ರಾತ್ರಿ ಮಲಗುವ ಮುಂಚೆ ಐದು ನಿಮಿಷದ ಕೆಲಸ. ಸಿಟ್ಟಿಂಗ್ ಶುರುವಾಗುವುದು ಇದನ್ನು ಮೇಜಿನ ಮೇಲಿಟ್ಟು. ಗುರುವಾರದ ಸಾಲಿನಲ್ಲಿ ಐದು ಇದ್ದರೆ, ಬೇರೆ ಎಲ್ಲ ಸುದ್ದಿ ಬದಿಗಿಟ್ಟು ಗುರುವಾರವನ್ನೇ ಬಿಡಿಸುತ್ತಾರೆ. ಸಂಜೆ ಆರಕ್ಕೆ ಏನಾಯಿತು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಊಟ ಮಾಡಿದ್ದಿರೇ, ಅಕ್ಕನ ಮೆಸೇಜ್ ಓದಿದಾಗ ಮನಸ್ಸಿಗೆ ಬಂದ ಮೊದಲ ಮಾತೇನು, ಆಮೇಲೆ ಏನು ಮಾಡಿದಿರಿ, ಯಾವ ಕೊಂಡಿಯಲ್ಲಿ ದಾರಿ ಬದಲಿಸಬಹುದಿತ್ತು. ಇದಕ್ಕೆ ಚೈನ್ ಅನಾಲಿಸಿಸ್ ಎನ್ನುತ್ತಾರೆ. ಕಾರ್ಡೂ ಇಲ್ಲ, ಸರಪಳಿಯೂ ಇಲ್ಲ, ಬರೀ "ಈ ವಾರ ಹೇಗಿತ್ತು" ಎಂದು ಸಾಗಿದರೆ ಅದು ಬೇರೆ ಥೆರಪಿ. ಒಳ್ಳೆಯದೇ ಇರಬಹುದು, ಆದರೆ ಡಿಬಿಟಿ ಅಲ್ಲ.

ಆಮೇಲೆ ಫೋನ್. ಯಾವ ಹೊತ್ತಿನವರೆಗೆ ಮಾಡಬಹುದು, ಎಷ್ಟು ನಿಮಿಷ, ಮೆಸೇಜ್ ಸಾಕೋ, ಅದಕ್ಕೆ ಬೇರೆ ಫೀಸು ಇದೆಯೋ ಎಂದು ಸ್ಪಷ್ಟವಾಗಿ ಕೇಳಿ. ಒಂದು ಕರೆ ಹೀಗೆ ಸಾಗುತ್ತದೆ:

"ಮೇಡಂ, ಆಗ್ತಾ ಇಲ್ಲ."
"ತುಡಿತ ಎಷ್ಟಿದೆ ಈಗ, ಐದರಲ್ಲಿ?"
"ನಾಲ್ಕು."
"ಏನು ಮಾಡಿ ನೋಡಿದ್ರಿ?"
"ತಣ್ಣೀರು ಮಾಡಿದೆ. ಮೂರಕ್ಕೆ ಬಂತು. ಅಮ್ಮ ಬಂದು ಮತ್ತೆ ಶುರು ಮಾಡಿದ್ರು."
"ಮೂರಕ್ಕೆ ಇಳಿಸಿದ್ದು ನೀವೇ ಅಲ್ವಾ. ಈಗ ಆ ಕೋಣೆಯಿಂದ ಎದ್ದು ಕೆಳಗೆ ಹೋಗಿ ಎರಡು ಸುತ್ತು ಜೋರಾಗಿ ನಡೀರಿ. ಇಪ್ಪತ್ತು ನಿಮಿಷ ಬಿಟ್ಟು ನಂಬರು ಮೆಸೇಜ್ ಮಾಡಿ. ಅಮ್ಮನ ಮಾತು ಸೋಮವಾರ ನೋಡೋಣ."

ಐದು, ಹತ್ತು ನಿಮಿಷ, ಅಷ್ಟೇ. ಕಲಿತ ಸ್ಕಿಲ್ಲನ್ನು ಬೇಕಾದ ಹೊತ್ತಿಗೆ ಕೈಗೆ ತಂದುಕೊಡುವುದಷ್ಟೇ ಇದರ ಉದ್ದೇಶ. ಇಲ್ಲಿ ಮನೆಯವರಿಗೆ ಕಠಿಣ ಅನಿಸುವ ನಿಯಮವೊಂದಿದೆ. ನೋವು ಮಾಡಿಕೊಂಡುಬಿಟ್ಟ ಮೇಲೆ 24 ಗಂಟೆ ಇಂಥ ಕರೆ ಇರುವುದಿಲ್ಲ. ಗಾಯಕ್ಕೆ, ಜೀವಾಪಾಯಕ್ಕೆ ಆಸ್ಪತ್ರೆಯ ವ್ಯವಸ್ಥೆ ಯಾವಾಗಲೂ ಇರುತ್ತದೆ. ಮಾಡಿಕೊಳ್ಳುವ ಮೊದಲೇ ಫೋನ್ ಮಾಡುವ ಅಭ್ಯಾಸ ಬೆಳೆಯಲಿ ಎಂದು ಈ ನಿಯಮ. ಅದನ್ನು ಮೊದಲೇ ವಿವರಿಸಿ ಹೇಳುವವರು ಕೆಲಸ ಬಲ್ಲವರು.

ಮೇಲೆ ಹೇಳಿದ ತಣ್ಣೀರಿನ ವಿಧಾನದ ಬಗ್ಗೆ ಎಚ್ಚರಿಕೆ. ಅಗಲದ ಪಾತ್ರೆಯಲ್ಲಿ ತಣ್ಣೀರು ಹಾಕಿ, ಉಸಿರು ಹಿಡಿದು, ಕಣ್ಣು ಕೆನ್ನೆ ಮುಳುಗುವಂತೆ ಮುಖವಿಟ್ಟು ಸುಮಾರು ಅರ್ಧ ನಿಮಿಷದೊಳಗೆ ಎತ್ತುವುದು. ನೀರು 10 ಡಿಗ್ರಿಗಿಂತ ತಣ್ಣಗಿರಬಾರದು. ಇದು ಎದೆಬಡಿತವನ್ನು ಥಟ್ಟನೆ ಇಳಿಸುತ್ತದೆ. ಅದಕ್ಕೇ ಹೃದಯದ ತೊಂದರೆ ಇರುವವರು, ಎದೆಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು. ಇದನ್ನು ಕಲಿಸುವ ಮೊದಲು ಈ ಪ್ರಶ್ನೆಗಳನ್ನು ನಿಮಗೆ ಕೇಳಿದರೇ ಎಂಬುದೂ ಥೆರಪಿಸ್ಟನ್ನು ಅಳೆಯುವ ಒಂದು ಬಗೆ.

ಕೊನೆಯದಾಗಿ ಗೈರುಹಾಜರಿ. ಸಿಟ್ಟಿಂಗಾಗಲಿ ಗುಂಪಾಗಲಿ ಸತತ ನಾಲ್ಕು ವಾರ ತಪ್ಪಿದರೆ ಪೂರ್ತಿ ಡಿಬಿಟಿಯಿಂದ ಹೊರಗೆ. ಜುಲೈಯಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ನಿಂತರೆ, ಹೋಟೆಲಿನಲ್ಲಿ ರಜೆ ಸಿಗದಿದ್ದರೆ, ಹಿಂಜವಡಿಯಲ್ಲಿ ಶಿಫ್ಟ್ ಬದಲಾದರೆ ಆ ವಾರ ಆನ್‌ಲೈನಿನಲ್ಲಿ ಬಂದರೆ ಹಾಜರಿ ಸಿಗುತ್ತದೆಯೇ ಕೇಳಿ. ಹೋಟೆಲಿನಲ್ಲಿ ದುಡಿಯುವವರು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತನ್ನೇ ಕೇಳಿ ಪಡೆಯಿರಿ. ಡೊಂಬಿವಲಿಯಿಂದ ಬಾಂದ್ರಾಕ್ಕೆ ವಾರಕ್ಕೆ ಎರಡು ಸಲ ಎಂಬುದು ಮೊದಲ ತಿಂಗಳ ಉತ್ಸಾಹದಲ್ಲಿ ಆಗುತ್ತದೆ, ಮೂರನೇ ತಿಂಗಳಲ್ಲಿ ಆಗುವುದಿಲ್ಲ. ಸ್ವಲ್ಪ ಕಡಿಮೆ ಹೆಸರಿನವರಾದರೂ ನಿಮ್ಮ ಲೈನಿನಲ್ಲೇ ಇರುವವರು ಮೇಲು.

ಇಂಥವರನ್ನು ಬಿಟ್ಟುಬಿಡಿ

ಹತ್ತು ಸಿಟ್ಟಿಂಗ್‌ನಲ್ಲಿ ಗುಣವಾಗುತ್ತದೆಂದು ಖಾತರಿ ಕೊಟ್ಟು ಹಣ ಮುಂಗಡ ಕಟ್ಟಿಸಿಕೊಳ್ಳುವವರು. ಮನೋವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎನ್ನುವವರು. "ಇನ್ನೊಮ್ಮೆ ಕೈ ಕೊಯ್ದುಕೊಂಡರೆ ನನ್ನ ಹತ್ತಿರ ಬರಬೇಡಿ" ಎಂದು ಬರೆಸಿಕೊಳ್ಳುವವರು. ಯಾವ ತೊಂದರೆಗೆ ಬಂದಿದ್ದೀರೋ ಅದೇ ತೊಂದರೆಗೆ ಹೊರಗೆ ಹಾಕುವುದು ಚಿಕಿತ್ಸೆಯಲ್ಲ. ಎಲ್ಲರ ಹೆಸರು, ನಂಬರು ಕಾಣುವ ವಾಟ್ಸ್ಆ್ಯಪ್ ಗುಂಪಿಗೆ ಕೇಳದೆ ಸೇರಿಸುವವರು. ನಿಮಗೆ ಬಂದಿರುವುದು ಪದೇ ಪದೇ ಕೈ ತೊಳೆಯುವ ಗೀಳೋ, ಉನ್ಮಾದವೋ, ಯಾರೋ ಮಾತಾಡಿದಂತೆ ಕೇಳುವುದೋ ಆಗಿದ್ದರೂ ಡಿಬಿಟಿಯೇ ಮದ್ದು ಎನ್ನುವವರು. ಅವುಗಳಿಗೆ ಮೊದಲು ಕೊಡಬೇಕಾದ ಚಿಕಿತ್ಸೆಗಳು ಬೇರೆ ಇವೆ.

ವಿಮೆಯ ಬಗ್ಗೆ ಎರಡು ಮಾತು ಸಾಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದ ಖರ್ಚನ್ನಷ್ಟೇ ಕೊಡುತ್ತವೆ, ವಾರದ ಸಿಟ್ಟಿಂಗ್‌ಗೆ ಓಪಿಡಿ ಸೌಲಭ್ಯ ಬೇರೆಯೇ ಇರಬೇಕು. ಕಂಪನಿಯವರು ಕೊಡುವ ಉಚಿತ ಕೌನ್ಸೆಲಿಂಗ್ ಕೆಲವೇ ಸಿಟ್ಟಿಂಗಿನದು. ಥೆರಪಿಸ್ಟನ್ನು ಹುಡುಕುವ ತನಕ ಬಳಸಿಕೊಳ್ಳಿ.

ಸೇರಿದ ಮೇಲೂ ಮೊದಲ ನಾಲ್ಕು ಸಿಟ್ಟಿಂಗ್ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಸಮಯ. ಡಿಬಿಟಿಯಲ್ಲೇ ಅದಕ್ಕೆ ಜಾಗವಿದೆ. ಗುರಿ ಏನು, ಎಷ್ಟು ತಿಂಗಳು, ಏನನ್ನು ಬಿಡಲು ಒಪ್ಪುತ್ತೀರಿ ಎಂದು ಮಾತಾಡಿ ಒಪ್ಪಂದಕ್ಕೆ ಬಂದ ಮೇಲೆಯೇ ನಿಜವಾದ ಕೆಲಸ ಶುರು. ನಾಲ್ಕನೇ ಸಿಟ್ಟಿಂಗ್ ಮುಗಿದು ಹೊರಗೆ ಬಂದಾಗ ಮೂರು ವಿಷಯ ಕೈಯಲ್ಲಿರಬೇಕು: ತುಂಬಿಸಿದ ಡೈರಿ ಕಾರ್ಡು, ಅಪಾಯದ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಮತ್ತು ಮನೆಯಲ್ಲಿ ಏನನ್ನು ಕೈಗೆ ಸಿಗದಂತೆ ಇಡಬೇಕು ಎಂದು ಬರೆದ ಒಂದು ಹಾಳೆ, ಗುಂಪು ಶುರುವಾಗುವ ತಾರೀಕು. ಗುಂಪು ಭರ್ತಿಯಾಗಿದೆ, ಎರಡು ತಿಂಗಳು ಕಾಯಬೇಕು ಎಂದರೆ ಹೆಸರು ಬರೆಸಿ, ಆ ತನಕ ಪಾಠವನ್ನು ಸಿಟ್ಟಿಂಗ್‌ನಲ್ಲೇ ಶುರುಮಾಡಲು ಹೇಳಿ. ಸಂಕಟ ದಾಟುವ ಪಾಠವೇ ಮೊದಲಿರಲಿ.